ಎಣ್ಣೆ ಸೋರಿದ ಆಂಬುಲೆನ್ಸ್

ಕೋವಿಡ್ ಅಡಗಿದ ಮರುವರ್ಷದ ಮಾತು. ಹಾಸನದಲ್ಲಿ ನನ್ನದು ಶಾಕ್ ಅಬ್ಸಾರ್ಬರ್ ರಿಪೇರಿಯ ಸ್ವಂತ ಗ್ಯಾರೇಜು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ; ಗ್ರೀಸ್ ಒರೆಸುತ್ತಲೇ ಕೆಲಸ ಕಲಿತವನು.

ಚನ್ನರಾಯಪಟ್ಟಣದ ಮಂಜ ತಾನೇ ಓಡಿಸುವ ತನ್ನ ಆಂಬುಲೆನ್ಸ್ ತಂದು ನಿಲ್ಲಿಸಿದ. ಹಿಂಬದಿ ವಿಪರೀತ ಕುಣಿಯುತ್ತದೆ ಎಂಬುದು ದೂರು. ಬಗ್ಗಿ ನೋಡಿದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಸೋರಿಹೋಗಿ, ಮೈಗೆಲ್ಲ ಧೂಳು ಮೆತ್ತಿತ್ತು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಗಾಡಿ ಗುಂಡಿಗೆ ಬಿದ್ದಾಗ, ಅದರ ಭಾರ ಹೊರುವ ಬಾಗಿದ ಉಕ್ಕಿನ ಕಮಾನ್ ಪಟ್ಟಿ ಪೆಟ್ಟು ತಿಂದು, ಅದನ್ನೇ ವಾಪಸ್ ಎಸೆಯುತ್ತದೆ. ಶಾಕ್ ಅಬ್ಸಾರ್ಬರ್ ಹಾಗಲ್ಲ. ಅದರೊಳಗಿನ ಎಣ್ಣೆ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ತಿಣುಕಿ ನುಗ್ಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಇಳಿದುಹೋಗುತ್ತದೆ. ಡ್ಯಾಂಪಿಂಗ್ ಎಂದರೆ ಇಷ್ಟೇ.

“ಹೊಸ ಜೋಡಿ ಹಾಕಿಸು. ಗಾಡಿ ನಾಳೆ ಸಾಯಂಕಾಲ ಕೊಡ್ತೀನಿ,” ಎಂದೆ.

“ಅಷ್ಟೊತ್ತು ನಿಲ್ಸಕ್ಕಾಗಕಿಲ್ಲ ಕಣಣ್ಣ. ಎಲ್ಡು ಪಟ್ಟಿ ಜಾಸ್ತಿ ಆಕ್ಸಿದ್ರೆ ಕಲ್ಲಂಗೆ ನಿಂತ್ಕತದೆ. ನಮ್ ಆಲೂಗೆಡ್ಡೆ ಗಾಡಿಗೂ ಅಂಗೇ ಮಾಡಿದ್ದು.”

“ಲೇ, ಪಟ್ಟಿ ಗಟ್ಟಿಯಾದಷ್ಟೂ ಪೆಟ್ಟು ಒಳಗಿರೋರಿಗೇ. ಆಲೂಗೆಡ್ಡೆ ಅಯ್ಯೋ ಅನ್ನಕಿಲ್ಲ ಕಣ್ಲಾ!”

ಮಂಜ ನಕ್ಕ. “ಯಾಪಾರ ಕುದುರ್ಸಕ್ಕೆ ನೀನು ಏನ್ ಬೇಕಾದ್ರೂ ಯೋಳ್ತೀಯ.”

ಕೂಲಿ ಬಿಡುತ್ತೇನೆಂದೆ, ಕೇಳಲಿಲ್ಲ. ಬೇರೆ ಕಡೆ ಪಟ್ಟಿ ಹಾಕಿಸಿಕೊಂಡ. ಆಮೇಲೊಮ್ಮೆ ಸಿಕ್ಕಾಗ, ಗಾಡಿ ಈಗ ಅಲ್ಲಾಡುವುದೇ ಇಲ್ಲವೆಂದು ಮೀಸೆ ತಿರುವಿದ.

ತಿಂಗಳಾಗಿರಲಿಲ್ಲ. ದಂಡಿಗನಹಳ್ಳಿ ಹತ್ತಿರ ತೆಂಗಿನಕಾಯಿ ಕೀಳುವ ರಂಗಸ್ವಾಮಿ ಮರದಿಂದ ಬಿದ್ದ. ಬೆನ್ನುಮೂಳೆ ಮುರಿದಿತ್ತು. ಹಾಸನಕ್ಕೆ ಅವನನ್ನು ತಂದದ್ದು ಮಂಜನ ಆಂಬುಲೆನ್ಸೇ. ಮಾರನೆಯ ಬೆಳಿಗ್ಗೆ ಮಂಜ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

“ಅತ್ತಿಸ್ಕಳೋವಾಗ ಕಾಲ್ಬೆರಳು ಆಡುಸ್ತಿದ್ದ ಕಣಣ್ಣ. ಎಂಡ್ತಿ ಪಕ್ಕದಲ್ಲೇ ಕುಂತಿದ್ಲು. ದಾರಿಯುದ್ದಕ್ಕೂ ‘ಆಡ್ಸಿ, ಆಡ್ಸಿ’ ಅಂತ ಯೋಳ್ತಾನೇ ಇದ್ಲು. ಒಂದು ಗುಂಡೀಲಿ ಗಾಡಿ ಎಗರ್ತು. ಆಮ್ಯಾಕೆ ಆಡುಸ್ಲಿಲ್ಲ.”

ಬಿದ್ದ ಪೆಟ್ಟೋ, ದಾರಿಯ ಪೆಟ್ಟೋ ಹೇಳಲಾಗದು ಎಂದರಂತೆ ಡಾಕ್ಟರು. ರಂಗಸ್ವಾಮಿ ಮತ್ತೆ ಎದ್ದು ನಿಲ್ಲಲಿಲ್ಲ.

ಆ ಬೆಳಿಗ್ಗೆ ನಾನು ಪಟ್ಟಿ ಬಿಚ್ಚಲು ಜಾಕ್ ಕೊಡುವಷ್ಟರಲ್ಲಿ ಮಂಜ ತಡೆದ. “ಒಂದ್ಸಲ ಇಂಗೇ ಓಡ್ಸಣ್ಣ. ನಾನು ಇಂದೆ ಮಲೀಕತೀನಿ.”

ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಬೆಲ್ಟ್ ಬಿಗಿದು, ಹೊಳೆನರಸೀಪುರ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಂದೆ. ನಾನೇನೂ ಜೋರಾಗಿ ಓಡಿಸಲಿಲ್ಲ. ಸ್ಟೀರಿಂಗ್ ಹಿಡಿದ ನನಗೆ ಅಂಥ ಕುಲುಕಾಟವೂ ಕಾಣಲಿಲ್ಲ. ವಾಪಸ್ ಬಂದು ಹಿಂಬಾಗಿಲು ತೆಗೆದರೆ, ಮಂಜ ಎರಡೂ ಕಡೆಯ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. ಕಂಬಿಯಿಂದ ಅವನ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

“ಮುಂದೆ ಕುಂತೋನಿಗೆ ಇದು ಗೊತ್ತೇ ಆಗಕಿಲ್ವಲ್ಲಣ್ಣ,” ಎಂದ.

ಆಂಬುಲೆನ್ಸ್ ಇಟ್ಟುಕೊಂಡವರು ಯಾರೇ ಬರಲಿ, ಇಂದಿಗೂ ಒಂದೇ ಬುದ್ಧಿಮಾತು ಹೇಳುತ್ತೇನೆ. ಗಾಡಿ ಚೆನ್ನಾಗಿದೆಯೆಂದು ಡ್ರೈವರ್ ಸೀಟಿನಲ್ಲಿ ಕೂತು ತೀರ್ಮಾನಿಸಬೇಡಿ. ಕೀಲಿಕೈ ಬೇರೆಯವರಿಗೆ ಕೊಟ್ಟು, ರೋಗಿ ಮಲಗುವ ಜಾಗದಲ್ಲಿ ಒಮ್ಮೆ ಮಲಗಿ ಬನ್ನಿ. ದರದ ಮಾತು ಆಮೇಲೆ.