ಕಣ್ಣಾರೆ ಕಂಡ ಇಬ್ಬರು

ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನಿಂದ ಅಕ್ಕಿ ಗಿರಣಿಗಳ ಕಡೆ ಹೋಗುವ ರಸ್ತೆಯಲ್ಲಿ ನೀಲಪ್ಪನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟು ಹೊತ್ತು ತಂದವರು ‘ಮೆಡಲ್ ನೀಲಪ್ಪನ ಅಂಗಡಿ ಎಲ್ಲೈತ್ರಿ’ ಅಂತಲೇ ಕೇಳುತ್ತಾರೆ. ಮೆಡಲ್ಲು ಬಂದಿಲ್ಲ, ಹೆಸರು ಮಾತ್ರ ಇಪ್ಪತ್ತು ವರ್ಷಗಳ ಹಿಂದೆಯೇ ಬಂದು ಕೂತಿದೆ. ನಮ್ಮ ಮಂದಿಗೆ ಹೆಸರಿಡಲು ದಿಲ್ಲಿಯ ಅಪ್ಪಣೆ ಬೇಕಾಗುವುದಿಲ್ಲ.

ಹದಿನೆಂಟಕ್ಕೆ ನೌಕಾಪಡೆ ಸೇರಿದವನು ಅವನು. ಹದಿನೈದು ವರ್ಷ ಸಮುದ್ರದ ಮೇಲಿದ್ದ ಅನ್ನುವುದು ಮಾತಿಗೆ. ಇದ್ದದ್ದೆಲ್ಲ ಹಡಗಿನ ಹೊಟ್ಟೆಯೊಳಗೆ, ಎಂಜಿನ್ನುಗಳ ನಡುವೆ. ಸಮುದ್ರ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ‘ಗದ್ದಲ ಭಾಳ, ಎಣ್ಣಿ ವಾಸನಿ’ ಎನ್ನುತ್ತಿದ್ದ. ಅಲ್ಲಿ ಅವನ ಮೇಲಧಿಕಾರಿ ಶಂಭುಲಿಂಗ, ಸವಣೂರು ತಾಲೂಕಿನ ಯಲವಿಗಿಯ ಹತ್ತಿ ವ್ಯಾಪಾರಸ್ಥರ ಮಗ. ‘ನೀವು ನಮ್ಮ ಕಡಿ ಹುಡುಗ್ರು’ ಅಂತ ಹೇಳಿ ನೀಲಪ್ಪನನ್ನೂ ಹಿರೇಕೆರೂರಿನ ಚೌಡಪ್ಪನನ್ನೂ ತನ್ನ ವಿಭಾಗಕ್ಕೆ ಹಾಕಿಸಿಕೊಂಡಿದ್ದ. ಹತ್ತು ಭಾಷೆಗಳ ನಡುವೆ ಸಾಹೇಬ ಬಂದು ‘ಉಂಡಿಯೇನೋ ನೀಲಪ್ಪಾ?’ ಎಂದರೆ ಇವನಿಗೆ ಅವ್ವನೇ ಕೇಳಿದಂತಾಗುತ್ತಿತ್ತು. ಆ ಒಂದು ಮಾತಿಗೆ ಏನು ಕೇಳಿದರೂ ಕೊಟ್ಟುಬಿಡುವಂಥ ಮನುಷ್ಯ ನೀಲಪ್ಪ.

ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಹಡಗಿನ ಜನರೇಟರ್ ಕೋಣೆಗೆ ಬೆಂಕಿ ಬಿತ್ತು. ಡೀಸೆಲ್ ಕೊಳವೆ ಒಡೆದು ಕಾದ ಕಬ್ಬಿಣದ ಮೇಲೆ ಚಿಮ್ಮಿತ್ತು. ಒಳಗೆ ಚೌಡಪ್ಪ ಸಿಕ್ಕಿಕೊಂಡಿದ್ದ. ಸಾಹೇಬ ಮೇಲಿನ ಬಾಗಿಲ ಬಳಿ ಫೋನು ಹಿಡಿದು ನಿಂತು ಅಪ್ಪಣೆ ಕೊಡುತ್ತಿದ್ದ. ಅದು ಅವನ ಕೆಲಸ, ಅದರಲ್ಲಿ ತಪ್ಪೇನೂ ಇಲ್ಲ. ನೀಲಪ್ಪ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಬ್ಬಿಣದ ಏಣಿ ಇಳಿದ. ತನ್ನ ಕೈ ತನಗೆ ಕಾಣದ ಹೊಗೆಯಲ್ಲಿ ತಡವರಿಸುತ್ತ ಹೋಗಿ ಮೊದಲು ಡೀಸೆಲ್ಲಿನ ವಾಲ್ವು ಮುಚ್ಚಿದ. ಆಮೇಲೆ ಎಚ್ಚರತಪ್ಪಿ ಬಿದ್ದಿದ್ದ ಚೌಡಪ್ಪನನ್ನು ಹೆಗಲಿಗೆ ಹಾಕಿಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದ. ವಾಲ್ವು ತೆರೆದೇ ಇದ್ದಿದ್ದರೆ ಹಡಗೇ ಹೋಗುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ತಿಂಗಳೊಪ್ಪತ್ತಿನಲ್ಲಿ ಸಾಹೇಬ ಅವನನ್ನು ಕರೆದು ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಯೊಂದನ್ನು ಮುಂದಿಟ್ಟ. “ಪದಕದ ಕಾಗದ ಐತಿ. ಇಲ್ಲಿ ಒಂದು ಸಹಿ ಮಾಡೋ,” ಎಂದ. ಹೇಗೋ ಹತ್ತನೇ ತರಗತಿ ದಾಟಿದ್ದ ನೀಲಪ್ಪನಿಗೆ ಇಂಗ್ಲಿಷ್ ಎಂದರೆ ಮೋಟರಿನ ಮೇಲಿನ ತಗಡು ಓದುವಷ್ಟೇ. ಪದಕ ಅಂದಮೇಲೆ ತನ್ನದೇ ಇರಬೇಕು, ಮತ್ತೆ ಯಾರದು ಇದ್ದೀತು? ಕನ್ನಡದಲ್ಲಿ ದುಂಡಗೆ ಸಹಿ ಮಾಡಿದ. ಹೊರಗೆ ಬಂದಾಗ ಎದೆ ಉಬ್ಬಿತ್ತು.

ಮುಂದಿನ ಜನವರಿಯಲ್ಲಿ ಶಂಭುಲಿಂಗನಿಗೆ ಶೌರ್ಯದ ಪದಕ ಬಂತು. ಮೇಲೆ ನಿಂತು ಎಲ್ಲ ನಡೆಸಿದ್ದಕ್ಕೆ ಕೊಟ್ಟಿರಬೇಕೆಂದು ನೀಲಪ್ಪ ಮನಸಾರೆ ಸಂತೋಷಪಟ್ಟ. “ಮೊದಲ ಆಫೀಸರ್‌ದು ಬರ್ತೈತಿ, ಆಮ್ಯಾಲ ನಮ್ಮಂಥಾರದು. ಫೈಲು ದಿಲ್ಲಿಯೊಳಗ ಐತಿ,” ಎಂದವನು ಚೌಡಪ್ಪ. ಅವನು ಓದಿದವನು, ಹಡಗಿನಲ್ಲಿ ಅರ್ಧ ಮಂದಿಗೆ ರಜಾ ಅರ್ಜಿ ಬರೆದುಕೊಡುತ್ತಿದ್ದವನು. ಅವನ ಮಾತಿಗೆ ನೀಲಪ್ಪ ಎದುರಾಡಲಿಲ್ಲ. ಮರುವರ್ಷ ಸೇವೆ ಮುಗಿಸಿ ಊರಿಗೆ ಬಂದ. ಚೌಡಪ್ಪ ಮಾತ್ರ ಸಾಹೇಬನ ಕಚೇರಿ ಸೇರಿ, ಬಡ್ತಿಯ ಮೇಲೆ ಬಡ್ತಿ ಪಡೆದು ತಡವಾಗಿ ಬಂದ.

ಬಂದಮೇಲೆ ವರ್ಷಕ್ಕೆರಡು ಸಲವಾದರೂ ಚೌಡಪ್ಪ ಹಿರೇಕೆರೂರಿನಿಂದ ಬರುತ್ತಿದ್ದ. “ಅಣ್ಣಾ, ಇದು ನೀ ಕೊಟ್ಟ ಜೀವ,” ಎಂದು ಎಲ್ಲರ ಮುಂದೆ ಕಾಲು ಮುಟ್ಟುತ್ತಿದ್ದ. ರೊಟ್ಟಿ, ಎಣಗಾಯಿ ಗಡದ್ದಾಗಿ ಹೊಡೆದು, ಎಲೆ ಅಡಿಕೆ ಹಾಕಿಕೊಳ್ಳುತ್ತ “ಬರ್ತೈತಿ ಅಣ್ಣಾ, ಸರಕಾರದ ಕೆಲಸ, ತಡಾ ಆಗತೈತಿ,” ಎನ್ನುತ್ತಿದ್ದ. ಊರವರು ನಗುತ್ತಿದ್ದರು. ನೀಲಪ್ಪನಿಗೆ ಅವರ ನಗೆ ಸಾಕಾಗಿ ಹೋದಾಗಲೆಲ್ಲ ಚೌಡಪ್ಪನ ಮಾತೇ ಆಸರೆ.

ಈ ವರ್ಷ ಶಂಭುಲಿಂಗ ರಿಯರ್ ಅಡ್ಮಿರಲ್ ಆಗಿ ನಿವೃತ್ತನಾದ. ಎದೆಯ ತುಂಬ ಪದಕ. ಹಾನಗಲ್ಲಿನಲ್ಲಿ ನಾಗರಿಕ ಸನ್ಮಾನ ಎಂದು ನಿಶ್ಚಯವಾಯಿತು. ಸಮಿತಿಯ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ತರ್ ಪರಮೇಶ್ವರಪ್ಪನವರು ಸಾಹೇಬರ ಮನೆಯಿಂದ ತರಿಸಿದ ಕಾಗದಗಳ ಕಟ್ಟನ್ನು ನೀಲಪ್ಪನ ಮಗಳು ಮಂಜುಳಾಳ ಕೈಗೆ ಕೊಟ್ಟರು. ಅವಳು ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅದನ್ನು ನೋಡಿ ಕನ್ನಡದಲ್ಲಿ ಒಂದು ಮಾನಪತ್ರ ಬರೆಯಬೇಕು, ಚೌಕಟ್ಟು ಹಾಕಿಸಿ ಕೊಡುತ್ತೇವೆ ಎಂದರು. ನೀಲಪ್ಪನಿಗೆ ಹಿಗ್ಗೋ ಹಿಗ್ಗು. “ನನ್ನ ಹೆಸರೂ ಬಂದಿರತೈತಿ, ನೋಡವಾ. ಓದು,” ಎಂದು ಕಾಯಿಲ್ ಸುತ್ತುವುದನ್ನು ಬಿಟ್ಟು ಬಂದು ಕೂತ.

ಮಂಜುಳಾ ಓದುತ್ತ ಕನ್ನಡದಲ್ಲಿ ಹೇಳತೊಡಗಿದಳು. ಬೆಂಕಿ, ಕೊಳವೆ, ಹೊಗೆ. ಇವನು “ಹೌದು, ಹಂಗ ಆತು,” ಎಂದು ತಲೆ ಆಡಿಸುತ್ತಿದ್ದ. “ಲೆಫ್ಟಿನೆಂಟ್ ಕಮಾಂಡರ್ ಶಂಭುಲಿಂಗ ಅವರು ಜೀವದ ಹಂಗು ತೊರೆದು ಏಣಿ ಇಳಿದು ವಾಲ್ವು ಮುಚ್ಚಿದರು,” ಎಂದಳು.

“ತಪ್ಪು ಓದಿದಿ. ಅವರು ಮ್ಯಾಲಿದ್ರು. ಇಳದಾಂವ ನಾನು.”

ಮಂಜುಳಾ ಇನ್ನೊಮ್ಮೆ ಓದಿದಳು. ಅದೇ ಬಂತು. ಎಚ್ಚರತಪ್ಪಿದ ನಾವಿಕನನ್ನು ಹೊತ್ತು ತಂದವರೂ ಶಂಭುಲಿಂಗ ಅವರೇ. ಒಂದೂ ಹೆಜ್ಜೆ ತಪ್ಪಿಲ್ಲ, ವಾಲ್ವಿನ ನಂಬರೂ ಸರಿ, ಏಣಿಯ ಮೆಟ್ಟಿಲೂ ಹದಿನಾಲ್ಕೇ. ಮಾಡಿದವನು ಮಾತ್ರ ಬದಲಾಗಿದ್ದ. ಅವಳು ಹಾಳೆ ತಿರುವಿ ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು.

“ಯಾಕ, ಮುಂದ ಓದು.”

“ಅಪ್ಪಾ, ಇವು ಸಾಕ್ಷಿ ಹೇಳಿಕಿ. ಇದನ್ನೆಲ್ಲಾ ನಾ ಕಣ್ಣಾರೆ ಕಂಡೇನಿ ಅಂತ ಇಬ್ಬರು ಸಹಿ ಮಾಡ್ಯಾರ. ಒಂದು ನಿಂದು.”

ಕನ್ನಡದ ದುಂಡಗಿನ ಅಕ್ಷರ. ನೀಲಪ್ಪ ಅದನ್ನೇ ನೋಡುತ್ತ ಕೂತ. ತನ್ನ ಮೆಡಲ್ಲನ್ನು ತಾನೇ ಕೈಯಾರೆ ಬರೆದುಕೊಟ್ಟು ಬಂದು, ಎರಡು ದಶಕ ಅಂಚೆಯವನ ದಾರಿ ಕಾದಿದ್ದ. ದಿಲ್ಲಿಯಲ್ಲಿ ಫೈಲೇ ಇರಲಿಲ್ಲ. ಇದಕ್ಕಿಂತ ದೊಡ್ಡ ಮೋಸ ಇರಲಾರದು ಎಂದುಕೊಂಡ. ಆದರೆ ಇತ್ತು.

“ಎರಡನೇದು ಚೌಡಪ್ಪ ಕಾಕಾಂದು,” ಎಂದಳು ಮಂಜುಳಾ.

“ಅವಗೂ ನನ್ನಂಗ ಮೋಸ ಆಗೇತಿ.”

“ಕಾಕಾಗ ಇಂಗ್ಲಿಷ್ ಬರತೈತಪ್ಪಾ. ಸಹೀನೂ ಇಂಗ್ಲಿಷ್‌ನ್ಯಾಗ ಐತಿ. ನಾ ಈ ಮಾನಪತ್ರ ಬರಿಯೂದಿಲ್ಲ.”

“ಬರಿ. ಕಾಗದದಾಗ ಇದ್ದಂಗ ಬರಿ. ಎದುರಿಗೆ ಕೇಳಿದ್ರ ಚೌಡ್ಯಾ ಖರೇ ಹೇಳ್ತಾನ. ಹೊತಗೊಂಡ ಬಂದಾಂವ ಯಾರಂತ ಅವಗ ಗೊತ್ತಿಲ್ಲೇನು?”

ಸಾಹೇಬ ದೊಡ್ಡ ಮನುಷ್ಯ, ದೊಡ್ಡವರಿಂದ ಬಂದ ಪೆಟ್ಟನ್ನು ನಮ್ಮವರು ಹೇಗೋ ನುಂಗಿಕೊಳ್ಳುತ್ತಾರೆ. ಚೌಡಪ್ಪನೊಬ್ಬ ನಿಜ ಹೇಳಿದರೆ ಪದಕ ಬರದಿದ್ದರೂ ಪರವಾಗಿಲ್ಲ ಎಂಬಲ್ಲಿಗೆ ನೀಲಪ್ಪ ಬಂದು ನಿಂತಿದ್ದ. ಫೋನು ಮಾಡಲಿಲ್ಲ. ಕೇಳಿದರೆ ಏನು ಹೇಳಿಯಾನೋ ಎಂಬ ಹೆದರಿಕೆಯೂ ಇತ್ತು ಅನ್ನಿ.

ಸನ್ಮಾನದ ದಿನ ಸಭಾಭವನ ಕಿಕ್ಕಿರಿದಿತ್ತು. ಪರಮೇಶ್ವರಪ್ಪನವರು ಮಾನಪತ್ರ ಓದಿದರು. ಬೆಂಕಿಯ ಸಾಲು ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಶಂಭುಲಿಂಗ ಬಿಳಿ ಸಮವಸ್ತ್ರದಲ್ಲಿ ಎದ್ದು ಕೈಮುಗಿದ. ಮುಂದಿನ ಸಾಲಿನಲ್ಲಿ ಚೌಡಪ್ಪ ಹಾರ ಹಿಡಿದು ಕೂತಿದ್ದ. ಆಮೇಲೆ ಪರಮೇಶ್ವರಪ್ಪನವರು, “ಅವತ್ತಿನ ಸಾಹಸಾ ಕಣ್ಣಾರೆ ಕಂಡ ನಮ್ಮ ನೀಲಪ್ಪ ಇಲ್ಲೇ ಅದಾರ. ಬರ್ರಿ ನೀಲಪ್ಪ, ಎರಡ ಮಾತು ಹೇಳ್ರಿ,” ಎಂದು ಕರೆದರು.

ವೇದಿಕೆ ಹತ್ತಿದವನನ್ನು ಸಾಹೇಬ ಬರಸೆಳೆದು ಅಪ್ಪಿಕೊಂಡು “ಆರಾಮ ಅದಿ ಏನೋ?” ಎಂದ. ಆ ದನಿಯಲ್ಲಿ ಅಳುಕೇ ಇರಲಿಲ್ಲ. ಬೆಂಕಿಯೊಳಗೆ ಹೋದವನು ತಾನೇ ಎಂದು ಹೇಳಿ ಹೇಳಿ ಅದು ಅವನಿಗೆ ನಿಜವೇ ಆಗಿಹೋಗಿತ್ತೋ ಏನೋ. ನೀಲಪ್ಪ ಮೈಕಿನ ಮುಂದೆ ನಿಂತ.

“ನನಗ ಭಾಷಣಾ ಬರೂದಿಲ್ರಿ. ಕಣ್ಣಾರೆ ಕಂಡೇನಿ ಅಂತ ನಾ ಸಹಿ ಮಾಡೇನಿ, ಓದಲಾರದ ಮಾಡೇನಿ. ಆದ್ರ ನಾ ಕಂಡಿಲ್ರಿ. ಅವತ್ತು ಏಣಿ ಇಳದಾಂವ ನಾನು. ಸಾಹೇಬ್ರು ಮ್ಯಾಲಿದ್ರು. ನನ್ನ ಮಾತು ನಂಬಬ್ಯಾಡ್ರಿ. ಚೌಡಪ್ಪ ಇಲ್ಲೇ ಕುಂತಾನ, ನನ್ನ ಹೆಗಲ ಮ್ಯಾಲ ಬಂದಾಂವ. ಅವನ್ನ ಕೇಳ್ರಿ.”

ಎಲ್ಲರೂ ಚೌಡಪ್ಪನ ಕಡೆ ತಿರುಗಿದರು. ಅವನು ಎದ್ದುನಿಂತ. ಒಮ್ಮೆ ನೀಲಪ್ಪನನ್ನು ನೋಡಿದ, ಒಮ್ಮೆ ಸಾಹೇಬನನ್ನು. ಆಮೇಲೆ ತಲೆ ತಗ್ಗಿಸಿ ಹೇಳಿದ: “ನನಗ ಅವಾಗ ಎಚ್ಚರಿದ್ದಿಲ್ರಿ.”

ಎಚ್ಚರವಿಲ್ಲದವನು ಕಣ್ಣಾರೆ ಕಂಡೆನೆಂದು ಸಹಿ ಮಾಡಿದ್ದು ಹೇಗೆ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಲು ಬಂದವರಲ್ಲ ಅವರು, ಚಪ್ಪಾಳೆ ತಟ್ಟಲು ಬಂದವರು. ಶಂಭುಲಿಂಗ ಮೈಕು ತೆಗೆದುಕೊಂಡು ನಕ್ಕ. “ನಮ್ಮ ಕಡಿ ಹುಡುಗ್ರು ಹಿಂಗ, ಮನಸಿನ್ಯಾಗ ಇದ್ದದ್ದು ಅಂದ ಬಿಡ್ತಾರ. ಆ ಪದಕ ಇವರೆಲ್ಲಾರದೂ ಹೌದು,” ಎಂದ. ಚಪ್ಪಾಳೆಯೋ ಚಪ್ಪಾಳೆ. ಎಂಥ ದೊಡ್ಡ ಗುಣ ಎಂದರು. ನೀಲಪ್ಪನಿಗೂ ಒಂದು ಶಾಲು ಹೊದಿಸಿದರು. ಅವನು ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಕೆಳಗಿಳಿದ.

ಹೊರಗೆ ಚೌಡಪ್ಪ ಬೆನ್ನುಹತ್ತಿ ಬಂದ. “ಅಣ್ಣಾ, ಸಿಟ್ಟಾಗಬ್ಯಾಡ. ನಾ ಸುಳ್ಳು ಹೇಳಿಲ್ಲ. ಖರೇನ ಎಚ್ಚರಿದ್ದಿಲ್ಲ.”

“ಏಣಿ ಮ್ಯಾಲ ಎಚ್ಚರಿದ್ದಿಲ್ಲ, ಒಪ್ಪಿದೆ. ಸಹಿ ಮಾಡುವಾಗ?”

ಚೌಡಪ್ಪ, “ಮಾಡದಿದ್ರ ನನ್ನ ನೌಕರಿ ಹೋಗತಿತ್ತಣ್ಣಾ,” ಎಂದ.

“ಅದನ್ನ ಅವತ್ತ ಹೇಳಿದ್ರ ನಾನ ಮಾಡು ಅಂತಿದ್ದೆ. ಇಷ್ಟ ವರ್ಷ ನನ್ನ ಮನಿಯೊಳಗ ಕುಂತು, ಬರ್ತೈತಿ ಬರ್ತೈತಿ ಅಂತ ಯಾಕ ಹೇಳಿದಿ?”

ಅಕ್ಕಿಆಲೂರಿನ ಬಸ್ಸಿಗೆ ಹೊತ್ತಾಗಿತ್ತು, ಮಂಜುಳಾ ಅಪ್ಪನ ತೋಳು ಹಿಡಿದು ಹೊರಡಿಸಿದಳು. ನಾಲ್ಕು ಹೆಜ್ಜೆ ನಡೆದ ನೀಲಪ್ಪ ತಿರುಗಿ ನಿಂತ.

“ಚೌಡ್ಯಾ, ನಿನ್ನ ಆ ಬೆಂಕಿಯೊಳಗ ಬಿಟ್ಟ ಬಂದಿದ್ರ ಚಲೋ ಇತ್ತು ಅನ್ನಾಕ ಈಗೂ ನನಗ ಬಾಯಿ ಬರವಲ್ದು. ಅದಕ್ಕ ನನ್ನ ಹೊಟ್ಟಿ ಉರಿಯಾಕತ್ತೇತಿ.”