ಬಲಗಡೆಯ ಎರಡು ಟೈರು

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬರುವ ರಸ್ತೆಯ ಒಂದು ತಿರುವಿನಲ್ಲಿ ನನ್ನ ಕಾರು ಜಾರಿತು. ಮುಂಗಾರಿನ ಮೊದಲ ಮಳೆ ಆಗಷ್ಟೇ ಬಿದ್ದು ನಿಂತಿತ್ತು. ಎದುರಿಗೆ ಹೊಗೆಸೊಪ್ಪಿನ ಸಸಿ ಹೇರಿಕೊಂಡ ಟ್ರ್ಯಾಕ್ಟರು ಬಂತೆಂದು ಬ್ರೇಕ್ ಒತ್ತಿದೆ. ನಿಲ್ಲಬೇಕಾದ ಕಾರು ಅಡ್ಡಡ್ಡ ಸರಿದು, ಜೋಳದ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತು. ಟ್ರ್ಯಾಕ್ಟರಿನವನು ಇಳಿದು ಓಡಿ ಬಂದ.

"ಅಕ್ಕಾ, ಏನೂ ಆಗ್ನಿಲ್ವಲ್ಲ? ಅಂಗ್ಯಾಕೆ ಜಾರ್ಬುಡ್ತು?"

ಅದೇ ಪ್ರಶ್ನೆ ನನ್ನದೂ ಆಗಿತ್ತು. ನಾನು ವಕೀಲೆ. ಮನೆ ಹಾಸನದಲ್ಲಿ. ಕೇಸುಗಳು ಹಾಸನದ ಜೊತೆಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೋರ್ಟುಗಳಲ್ಲೂ ಇರುವುದರಿಂದ ವಾರವೆಲ್ಲ ರಸ್ತೆಯ ಮೇಲೇ ಇರುತ್ತೇನೆ. ಬೇಸರವೇನಿಲ್ಲ. ಕಾರು ಓಡಿಸುವುದೆಂದರೆ ನನಗೆ ಇಷ್ಟ, ಸ್ವಲ್ಪ ಜೋರಾಗಿ ಓಡಿಸುವುದೆಂದರೆ ಇನ್ನೂ ಇಷ್ಟ. ಅದಕ್ಕೆಂದೇ ಸಣ್ಣದಾದರೂ ಎಂಜಿನ್ ಚುರುಕಾಗಿರುವ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ. ಮಾರಿದವನು ಟೈರುಗಳಿಗೆ ಕೈ ತಟ್ಟಿ, "ಹೊಸಾವು ಮೇಡಂ, ಬಟನ್ ನೋಡಿ ಎಂಗದೆ" ಎಂದಿದ್ದ. ಬಟನ್ ಅಂದರೆ ಟೈರಿನ ಮೇಲಿನ ಉಬ್ಬು. ಅದು ನಿಜಕ್ಕೂ ಸವೆದಿರಲಿಲ್ಲ.

ಹೊಲದ ಬದುವಿನಲ್ಲಿ ಕೂತು ನೋಡಿದಾಗಲೂ ಬಟನ್ ಚೆನ್ನಾಗಿಯೇ ಇತ್ತು. ಉಗುರು ಒತ್ತಿ ನೋಡಿದೆ. ರಬ್ಬರು ಒಂದಿಷ್ಟೂ ತಗ್ಗಲಿಲ್ಲ, ಒಣಗಿದ ಹಲಗೆಯಂತಿತ್ತು. ಮನೆಗೆ ಬಂದು ಟೈರಿನ ಮೈಮೇಲಿನ ಅಕ್ಷರ, ಅಂಕಿಗಳನ್ನೆಲ್ಲ ಓದಲು ಕಲಿತೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ನನ್ನ 'ಹೊಸಾವು' ವಯಸ್ಸಿನಲ್ಲಿ ಕಾರಿಗಿಂತ ಸ್ವಲ್ಪವೇ ಚಿಕ್ಕವು. ಎಲ್ಲೋ ನಿಂತಲ್ಲೇ ನಿಂತು ಮುದಿಯಾದ ಟೈರುಗಳು. ಅವತ್ತಿನಿಂದ ಟೈರು ಎಂದು ಬಾಯಿಬಿಟ್ಟ ಯಾರನ್ನೂ ನಾನು ನಂಬಲಿಲ್ಲ.

ಹಾಸನದ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನ ಯುವಕ ನನ್ನ ಕಾರು ನೋಡಿದ್ದೇ ತಡ, ರೇಸಿಗೆ ಹೋಗುವವರು ಹಾಕಿಸುವಂಥ ಮೆತ್ತನೆಯ ಸ್ಪೋರ್ಟ್ಸ್ ಟೈರು ಉರುಳಿಸಿಕೊಂಡು ಬಂದ.

"ಮೇಡಂ, ಇದು ರೋಡಿಗೆ ಅಂಟ್ಕೊಂಡು ಹೋಗುತ್ತೆ."

"ಎಷ್ಟು ದಿನ ಅಂಟ್ಕೊಂಡು ಹೋಗುತ್ತೆ?"

"ಅದು ನಿಮ್ಮ ಡ್ರೈವಿಂಗ್ ಮೇಲೆ ಮೇಡಂ."

"ನನ್ನ ಡ್ರೈವಿಂಗ್ ಕೆಟ್ಟದು ಅಂದ್ಕೊಳ್ಳಿ. ಆಗ?"

ಅವನು ನಕ್ಕು, ಟೈರನ್ನು ಇನ್ನೊಂದು ಸುತ್ತು ಉರುಳಿಸಿದ. ಪಾಟೀಸವಾಲಿನಲ್ಲಿ ನಕ್ಕು ಜಾರಿಕೊಳ್ಳುವ ಸಾಕ್ಷಿಗಳನ್ನು ಸಾಕಷ್ಟು ನೋಡಿದ್ದೇನೆ. ಎದ್ದು ಬಂದೆ.

ಮನೆಯಲ್ಲಿ ಇನ್ನೊಂದು ವಾದ ಕಾದಿತ್ತು. ನನ್ನ ಗಂಡ ಅರಕಲಗೂಡು ಕಡೆಯವರು, ಹೈಸ್ಕೂಲ್ ಮೇಷ್ಟ್ರು. ಕೊಂಡ ವಸ್ತು ಸವೆಯಲೇಬಾರದು ಎನ್ನುವ ಮನುಷ್ಯ. "ಗಟ್ಟಿ ಟೈರ್ ಆಕ್ಸು. ವರ್ಸಗಟ್ಲೆ ಬತ್ತದೆ. ಗ್ರಿಪ್ಪು ಗ್ರಿಪ್ಪು ಅಂತೀಯಲ್ಲ, ನೀನೇನು ಗೋಡೆ ಹತ್ತಬೇಕಾ?" ಎಂದರು.

"ವರ್ಷಗಟ್ಟಲೆ ಬಂದು ಒಂದೇ ದಿನ ಮಳೆಯಲ್ಲಿ ಕೈ ಕೊಟ್ಟರೆ ಏನ್ರೀ ಪ್ರಯೋಜನ?" ಎಂದೆ. ನಿಜ ಹೇಳಬೇಕೆಂದರೆ ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಮೆತ್ತಗಿನ ರಬ್ಬರು ರಸ್ತೆಯನ್ನು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಹಿಡಿತ, ಬಾಳಿಕೆ ಎರಡೂ ಬೇಕೆಂದರೆ ಬೆಲೆ ಏರುತ್ತದೆ. ಎಷ್ಟು ಬೇಗ ಸವೆಯುತ್ತದೆಂದು ಸೂಚಿಸುವ ಅಂಕಿಯೂ ಟೈರಿನ ಮೇಲೆಯೇ ಇರುತ್ತದೆ ಎಂದು ಓದಿದಾಗ ಸಮಾಧಾನವಾಯಿತು. ಆ ಅಂಕಿಯನ್ನು ಕೊಡುವುದು ತಯಾರಕರೇ ಎಂದು ಮುಂದಿನ ಸಾಲಿನಲ್ಲಿ ಓದಿದಾಗ ಆ ಸಮಾಧಾನ ಹೋಯಿತು. ತನ್ನ ಬಗ್ಗೆ ತಾನೇ ನುಡಿದ ಸಾಕ್ಷಿಯನ್ನು ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ಇಂಟರ್‌ನೆಟ್ಟಿನಲ್ಲಿ ಹೊಗಳಿ ಬರೆದವರನ್ನು ನೋಡಿದರೆ, ಮೂರು ಜನ ಬೇರೆ ಬೇರೆ ಊರಿನವರು ಒಂದೇ ತಪ್ಪು ಕಾಗುಣಿತದಲ್ಲಿ ಒಂದೇ ವಾಕ್ಯ ಬರೆದಿದ್ದರು.

ಕೊನೆಗೆ ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಕೇಸು ಮುಂದಕ್ಕೆ ಹೋದ ಒಂದು ಮಧ್ಯಾಹ್ನ ಅಲ್ಲಿನದೇ ಒಂದು ಟೈರಂಗಡಿಗೆ ಹೋದೆ. ಮಾಲೀಕರು ಶ್ರವಣಬೆಳಗೊಳದ ಕಡೆಯ ಜೈನರು. ಐವತ್ತು ದಾಟಿದವರು, ಮೆಲುಮಾತಿನವರು. ಟೈರು ತೋರಿಸುವ ಬದಲು ನನ್ನನ್ನೇ ಪ್ರಶ್ನೆ ಕೇಳಿದರು. ಯಾವ ಯಾವ ರಸ್ತೆ? ಮಳೆಯಲ್ಲೂ ಓಡಿಸುತ್ತೀರಾ? ತಿರುವಿನಲ್ಲಿ ನಿಧಾನ ಮಾಡುತ್ತೀರಾ?

"ಮಾಡಲ್ಲ," ಎಂದೆ.

"ಹಾಗಾದ್ರೆ ತೀರಾ ಗಟ್ಟಿ ಟೈರ್ ಬೇಡ ಮೇಡಂ. ತೀರಾ ಮೆತ್ತಗಿನದೂ ಬೇಡ, ಇಷ್ಟು ಓಡಾಟಕ್ಕೆ ವರ್ಷಕ್ಕೊಂದ್ ಸಲ ನನ್ನ ಮುಖ ನೋಡ್ಬೇಕಾಗುತ್ತೆ. ಇದು ನಡುವಿನದು. ಒದ್ದೇಲಿ ಹಿಡಿಯುತ್ತೆ. ಸ್ವಲ್ಪ ಸದ್ದು ಮಾಡುತ್ತೆ, ಅದಕ್ಕೆ ಬೈಬೇಡಿ. ನನ್ನ ಗಾಡಿಗೂ ಇದನ್ನೇ ಹಾಕಿದೀನಿ."

"ಎಲ್ಲಿದೆ ನಿಮ್ಮ ಗಾಡಿ?"

ಅವರು ಬೇಸರಪಡದೆ ಅಂಗಡಿಯ ಹಿಂದಕ್ಕೆ ಕರೆದೊಯ್ದು ತೋರಿಸಿದರು. ಅದೇ ಟೈರು. ಮಾರಾಟವಾಗದೆ ಉಳಿದದ್ದನ್ನು ತಾವೇ ಹಾಕಿಕೊಂಡಿರಬಹುದು ಎಂದು ನನ್ನ ಮನಸ್ಸು ಒಳಗೇ ಹೇಳಿತು. ಆದರೂ ತಮ್ಮ ಸರಕಿನ ದೋಷವನ್ನು ಅವರೇ ಹೇಳಿದ್ದರು. ಅದೊಂದು ಕಾರಣಕ್ಕೆ ಒಪ್ಪಿದೆ. ಟೈರು ಹಾಕುವಾಗ ಪಕ್ಕದಲ್ಲೇ ಕೂತಿದ್ದೆ. ನಡುವೆ ಕಕ್ಷಿದಾರರೊಬ್ಬರ ಫೋನು ಬಂತೆಂದು ರಸ್ತೆಗೆ ಹೋದೆ. ಬರುವಷ್ಟರಲ್ಲಿ ನಾಲ್ಕೂ ಚಕ್ರ ಕೂತಿದ್ದವು. ಮಾಲೀಕರು ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂದು ಮನೆಗೆ ಹೊರಟಿದ್ದರು.

ಹಾಸನದ ಕಡೆ ಹೊರಟೆ. ಫೋನಿನಲ್ಲಿ ಮಾತಾಡುತ್ತಿದ್ದಾಗ ಏನು ನಡೆಯಿತೋ ಎಂಬ ಯೋಚನೆ ಶಾಂತಿಗ್ರಾಮದವರೆಗೂ ಬಿಡಲಿಲ್ಲ. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಇಳಿದೆ. ಎಡಗಡೆಯ ಎರಡರಲ್ಲೂ ತಯಾರಾದ ವಾರ, ವರ್ಷ ಸ್ಪಷ್ಟವಾಗಿತ್ತು. ಕೆಲವೇ ತಿಂಗಳ ಹಿಂದಿನದು. ಬಲಗಡೆ ಹೋದೆ. ಮುಂದಿನದರಲ್ಲಿ ತಾರೀಕಿಲ್ಲ. ಹಿಂದಿನದರಲ್ಲೂ ಇಲ್ಲ. ಸುತ್ತಲೂ ಕೈಯಾಡಿಸಿದೆ. ಇಲ್ಲವೇ ಇಲ್ಲ.

ಅಂಗಡಿಯ ಮಾಲೀಕರಿಗೇ ಫೋನು ಮಾಡಿದೆ. "ಬಲಗಡೆ ಎರಡಕ್ಕೂ ತಾರೀಕೇ ಇಲ್ಲವಲ್ಲ?"

"ಒಳಮುಖದಲ್ಲಿರುತ್ತೆ ಮೇಡಂ. ಈ ಟೈರಿಗೆ ಬಾಣದ ಗುರುತಿದೆ ನೋಡಿ, ಅದೇ ದಿಕ್ಕಿಗೆ ತಿರುಗಬೇಕು. ತಾರೀಕು ಒಂದೇ ಪಕ್ಕದಲ್ಲಿ ಇರೋದು. ಎಡಕ್ಕೆ ಹಾಕಿದ್ರೆ ಹೊರಗೆ ಬರುತ್ತೆ, ಬಲಕ್ಕೆ ಹಾಕಿದ್ರೆ ಒಳಗೆ ಹೋಗುತ್ತೆ."

ಬಾಣ ಇತ್ತು. ಮಾತು ಸರಿಯಾಗಿತ್ತು. ಆದರೆ ಉತ್ತರ ತಡವರಿಸದೆ ಬಂದಿತ್ತು, ಎಷ್ಟೋ ಸಲ ಹೇಳಿ ಅಭ್ಯಾಸವಾದವರ ಹಾಗೆ. ಹಳೆಯದನ್ನು ಮುಚ್ಚಿಡಬೇಕೆಂದಿದ್ದರೆ ಬಲಗಡೆಗಿಂತ ಒಳ್ಳೆಯ ಜಾಗ ಯಾವುದು?

ಸ್ಟೀರಿಂಗನ್ನು ಪೂರ್ತಿ ತಿರುಗಿಸಿದೆ. ಮುಂದಿನ ಚಕ್ರದ ಒಳಮುಖ ಕಾಣಿಸಿತು: ಎಡಗಡೆಯದೇ ತಾರೀಕು. ಹಿಂದಿನ ಚಕ್ರ ತಿರುಗುವುದಿಲ್ಲವಲ್ಲ. ಕರಿ ಕೋಟು ಬಿಚ್ಚಿ ಸೀಟಿನ ಮೇಲೆ ಹಾಕಿ, ಸೀರೆ ಒತ್ತಿಕೊಂಡು ನೆಲಕ್ಕೆ ಬಗ್ಗಿ, ಮೊಬೈಲನ್ನು ಕಾರಿನ ಅಡಿಗೆ ಚಾಚಿದೆ. ಹೋಟೆಲಿನವನು ಲೋಟ ಹಿಡಿದೇ ಓಡಿ ಬಂದ.

"ಯಾಕ್ ಮೇಡಂ? ಆವ್ ಗೀವ್ ಓಯ್ತಾ ಒಳೀಕೆ?"

"ಹಾವಲ್ಲ. ಟೈರಿನ ತಾರೀಕು ನೋಡ್ತಿದೀನಿ."

"ಟೈರ್ಗೂ ತಾರೀಕ್ ಇರ್ತದಾ!" ಎಂದು ಅವನೂ ಬಗ್ಗಿದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರೂ ಬಗ್ಗಿದರು. ತೆಗೆದ ಫೋಟೋಗಳಲ್ಲಿ ಒಂದು ಮಾತ್ರ ಸ್ಪಷ್ಟವಾಗಿತ್ತು. ದೊಡ್ಡದು ಮಾಡಿ ನೋಡಿದೆ. ಉಳಿದ ಮೂರಕ್ಕಿಂತ ಆ ಟೈರು ಎರಡು ವರ್ಷ ಹಳೆಯದು. ಮೋಸ ಸಿಕ್ಕಿತೆಂಬ ಸಿಟ್ಟಿಗಿಂತ ಮೊದಲು ನನಗೆ ಬಂದದ್ದು ಒಂದು ಬಗೆಯ ಖುಷಿ. ನನ್ನ ಅನುಮಾನ ಗೆದ್ದಿತ್ತು.

ಮಾರನೆಯ ದಿನ ಬೆಳಿಗ್ಗೆ ದಾರಿಯುದ್ದಕ್ಕೂ ವಾದ ಸಿದ್ಧಮಾಡಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಗ್ರಾಹಕರ ವೇದಿಕೆ, ನೋಟಿಸು, ಎಲ್ಲ ನಾಲಗೆಯ ತುದಿಯಲ್ಲಿತ್ತು. ಮಾಲೀಕರು ಫೋಟೋ ನೋಡಿದರು. ಮುಖ ಸಣ್ಣಗಾಯಿತು. ಕಾರನ್ನು ಜಾಕಿನ ಮೇಲೆ ಎತ್ತಿಸಿ ತಾವೇ ಬಗ್ಗಿ ನೋಡಿ, "ಸರಿ ಮೇಡಂ, ತಪ್ಪಾಗಿದೆ, ಬಿಚ್ಚಿಸ್ತೀನಿ" ಎಂದರು. ಅಷ್ಟೇ.

"ಹೇಗೆ ಬಂತು ಇದು?"

"ಗೋಡೌನಲ್ಲಿ ಹಳೇ ಸ್ಟಾಕ್ ಒಂದು ಉಳಿದಿತ್ತು, ಅದರ ಜೊತೆ ಸೇರ್ಕೊಂಡಿದೆ. ನಾನು ನೋಡ್ಬೇಕಿತ್ತು."

ವಾದ ಮಾಡುವವರನ್ನು ಎದುರಿಸುವುದು ನನಗೆ ಸುಲಭ. ಒಪ್ಪಿಕೊಂಡುಬಿಡುವವರ ಮುಂದೆ ಏನು ಮಾಡಬೇಕೆಂದು ತೋಚುವುದಿಲ್ಲ. ನಿಜಕ್ಕೂ ಕಣ್ತಪ್ಪೋ, ಸಿಕ್ಕಿಬಿದ್ದಾಗ ಬೇಗ ಒಪ್ಪಿಕೊಂಡು ಮುಗಿಸುವ ಜಾಣತನವೋ? ಅವರ ಮುಖವನ್ನೇ ನೋಡುತ್ತ ಕೂತೆ. ಹೊಸ ಟೈರು ತಂದು, ಕೂರಿಸುವ ಮೊದಲು ಅಂಕಿಗಳ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ ನನಗೆ ತೋರಿಸಿದರು. ಓದಿದೆ, ತಲೆಯಾಡಿಸಿದೆ. ಇವತ್ತಿಗೂ ನನಗೆ ಉತ್ತರ ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಲು ಅಲ್ಲಿಗೇ ಹೋದೆ. ಯಾಕೆ ಅಲ್ಲಿಗೇ ಎಂದು ಗಂಡ ಕೇಳಿದರು. ಗೊತ್ತಿರುವ ಅನುಮಾನ ಗೊತ್ತಿಲ್ಲದ್ದಕ್ಕಿಂತ ವಾಸಿ ಎಂದೆ. ಮುಂದಿನೆರಡರ ಹೊರ ಅಂಚು ನಾನು ಎಣಿಸಿದ್ದಕ್ಕಿಂತ ಬೇಗ ಸವೆದಿತ್ತು. ಮಾಲೀಕರು ಅಂಚಿಗೆ ಬೆರಳಿಟ್ಟು, "ಇದು ಟೈರಿನ ತಪ್ಪಲ್ಲ ಮೇಡಂ, ತಿರುವಿಂದು" ಎಂದರು. ಅಲೈನ್‌ಮೆಂಟ್ ಸರಿಯಿಲ್ಲವೇನೋ ಎಂದು ಹಾಸನಕ್ಕೆ ಬಂದು ಬೇರೆ ಕಡೆ ತೋರಿಸಿದೆ. ಅಲೈನ್‌ಮೆಂಟ್ ಸರಿಯಾಗಿಯೇ ಇತ್ತು.

ಹೋದ ಮಳೆಗಾಲದಲ್ಲಿ ಗಂಡನನ್ನು ಕೂರಿಸಿಕೊಂಡು ಹೊಳೆನರಸೀಪುರದ ಕಡೆಯಿಂದ ಬರುತ್ತಿದ್ದೆ. ಸಣ್ಣ ಮಳೆ. ತೋಟದ ಸಂದಿಯಿಂದ ಹೆಂಗಸೊಬ್ಬರು ಹಾಲಿನ ಕ್ಯಾನು ಹಿಡಿದು ರಸ್ತೆಗೆ ಇಳಿದರು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡಿದ್ದರಿಂದ ಅವರಿಗೆ ನಾವು ಕಾಣಲಿಲ್ಲ. ಬ್ರೇಕ್ ಒತ್ತಿದೆ. ಜಾರುತ್ತದೆ ಎಂದೇ ಮೈ ಬಿಗಿ ಮಾಡಿಕೊಂಡಿದ್ದೆ. ಕಾರು ನೆಟ್ಟಗೆ, ಒಂದೇ ಸಾಲಿನಲ್ಲಿ ಎಳೆದುಕೊಂಡು ನಿಂತಿತು. ಆ ಹೆಂಗಸು ಕೊಪ್ಪೆ ಸರಿಸಿ, ಬಾನೆಟ್ಟಿನ ಮೇಲೆ ಕೈಯೂರಿ ನಮ್ಮನ್ನು ನೋಡಿದರು.

"ಯಾವಾಗ್ ಬಂದ್ರಿ ನೀವು?" ಎಂದು ಕೇಳಿ, ಕ್ಯಾನಿನ ಮುಚ್ಚಳ ಗಟ್ಟಿಯಾಗಿದೆಯೇ ನೋಡಿಕೊಂಡು ಡೈರಿಯ ಕಡೆ ನಡೆದರು.

ಗಂಡ ಡ್ಯಾಶ್‌ಬೋರ್ಡಿಗೆ ಊರಿದ್ದ ಕೈ ತೆಗೆದರು. ಆಮೇಲೆ, "ಇವು ಸವೆದ್ಮೇಲೆ ಇಂತಾವೇ ಆಕ್ಸು" ಎಂದರು. ನಾನು ಗೇರು ಹಾಕಿ, ನಿಧಾನವಾಗಿ ಹೊರಟೆ.