ಅರವತ್ಮೂರನೇ ತುಂಡಿನ ಆಚೆಗಿದ್ದ ಜೋಗುಳ

ಔರಾದಿನ ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಅಕ್ಕೋರು ನಿವೃತ್ತರಾದ ಮೇಲೆ ಭಾಲ್ಕಿಯಲ್ಲಿದ್ದಾರೆ. ನಾನು ಬೀದರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಒಂದು ದಿನ ಅವರ ಫೋನ್ ಬಂತು.

"ಒಂದ್ ಜಗಳ ಬಗಿಹರಿಸ್ಬೇಕಾಗ್ಯದವಾ. ಲ್ಯಾಪ್‌ಟಾಪ್ ತಗೊಂಡು ಬಾ."

ಜಗಳ ಅವರ ಗಂಡನ, ಅಂದರೆ ನಾನು ಕಾಕಾ ಎನ್ನುವವರ ಜೊತೆಗಿನದು. ಕಾಕಾ ಬಸ್ ಕಂಡಕ್ಟರಾಗಿದ್ದವರು, ಮನೆಯಲ್ಲಿ ಮಾತು ಕಡಿಮೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವರು ಎಲ್ಲರೆದುರು ಜೋಗುಳ ಹಾಡಿದ್ದರು ಎಂದು ಅಕ್ಕೋರ ವಾದ. ಜನ್ಮದಲ್ಲೇ ಹಾಡಿಲ್ಲ ಎಂದು ಕಾಕಾ. ಅಂದು ತೆಗೆದ ವಿಡಿಯೋ ಇದ್ದ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿತ್ತು. ಆದರೆ ಅದಕ್ಕೂ ಮೊದಲು ರಿಪೇರಿ ಅಂಗಡಿಯವರು ಅದರ ಡಿಸ್ಕನ್ನು ಇದ್ದಂತೆಯೇ ಒಂದೇ ದೊಡ್ಡ ಫೈಲಾಗಿ ನಕಲು ಮಾಡಿ ಕೊಟ್ಟಿದ್ದರು.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್. ಅದರೊಳಗೆ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ, ಒಂದು ವರ್ಚುವಲ್ ಲಿನಕ್ಸ್ ಇಟ್ಟುಕೊಂಡಿದ್ದೇನೆ. ಭಾಲ್ಕಿಯ ಅವರ ಮನೆಯಲ್ಲಿ ಅದನ್ನು ಚಾಲೂ ಮಾಡಿ, ಆ ಫೈಲನ್ನು ಡಿಸ್ಕಿನಂತೆ ತೆರೆಯಲು ಮೌಂಟ್ ಆದೇಶ ಕೊಟ್ಟೆ. ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಟ್ಟ ಬಗೆ, ಗುರುತು ಸಿಗುತ್ತಿಲ್ಲ ಎಂದಿತು. ಯಾವ ಬಗೆಯದೆಂದು ನಾನೇ ಬರೆದುಕೊಟ್ಟೆ. ಆಗಲೂ ಅದೇ ಉತ್ತರ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಅಕ್ಕೋರು ಮುಂದಿಟ್ಟ ಚಹಾ ಆರಿತು.

ಮಂಚದ ಮೇಲಿಂದ ಕಾಕಾ ಸಮಾಧಾನದಿಂದ ಹೇಳಿದರು: "ಹಾಡೇ ಇಲ್ಲಂದ್ರ ಅದಾದ್ರೂ ಎಲ್ಲಿಂದ ತರ್ತದ?"

ಕೊನೆಗೆ ಫೈಲಿನೊಳಗೆ ಯಾವ್ಯಾವ ಭಾಗಗಳಿವೆ ಎಂಬ ಪಟ್ಟಿ ತೆಗೆದೆ. ಅಕ್ಕೋರು ಚಷ್ಮಾ ಏರಿಸಿಕೊಂಡು ಬಗ್ಗಿದರು.

"ಇದೇನವಾ, ಅರವತ್ಮೂರು?"

"ಫೈಲ್ ಇರೋ ಭಾಗ, ಪಾರ್ಟಿಶನ್, ಅಲ್ಲಿಂದ ಶುರು ಆಗ್ತದ್ರಿ ಅಕ್ಕೋರ. ಡಿಸ್ಕಿನ ಮೊದಲಿನ ಅರವತ್ಮೂರು ತುಂಡು ಬಿಟ್ಟು."

"ಮತ್ತ ನೀ ಎಲ್ಲಿಂದ ಓದಲಿಕತ್ತಿದಿ?"

"ಸೊನ್ನಿಯಿಂದ್ರಿ."

ಅವರು ನನ್ನನ್ನು ನೋಡಿದರು. ಒಂಬತ್ತನೇ ತರಗತಿಯಲ್ಲಿ ಆ ನೋಟಕ್ಕೆ ನಾನು ಬೆಂಚಿನ ಮೇಲೆ ಎದ್ದು ನಿಲ್ಲುತ್ತಿದ್ದೆ. ಇದೇ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನು ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ.

"ಒಂದ್ ತುಂಡಂದ್ರ ಎಷ್ಟು?"

"ಐನೂರ ಹನ್ನೆರಡು ಬೈಟ್ ರಿ."

ನಾನು ಕ್ಯಾಲ್ಕುಲೇಟರ್ ಹುಡುಕುವುದರೊಳಗೆ ಅವರು, "ಮೂವತ್ತೆರಡು ಸಾವಿರದ ಇನ್ನೂರ ಐವತ್ತಾರು. ಬರಿ," ಅಂದರು.

ಅಷ್ಟು ಬೈಟ್ ಬಿಟ್ಟು ಓದು ಎಂದು ಆದೇಶ ಬರೆದೆ, ಹಳೆಯದು ಕೆಡದಿರಲಿ ಎಂದು ಓದಲಿಕ್ಕಷ್ಟೇ ಅನುಮತಿ ಕೊಟ್ಟೆ. ಲಿನಕ್ಸ್ ತಕರಾರಿಲ್ಲದೆ ಬಾಗಿಲು ತೆರೆಯಿತು. ಅಕ್ಕೋರು ಫೋಲ್ಡರುಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತ ಬಂದರು. ಮೂರನೆಯದರಲ್ಲಿ ವಿಡಿಯೋ ಸಿಕ್ಕಿತು.

ಹೂ ಸುತ್ತಿದ ತೊಟ್ಟಿಲು. ಅದರ ಹಗ್ಗ ಹಿಡಿದು, ಕಣ್ಣು ಮುಚ್ಚಿ, ಕಂಡಕ್ಟರ್ ಧ್ವನಿಯಲ್ಲಿ ಜೋಗುಳ ಹಾಡುತ್ತಿರುವ ಕಾಕಾ. ಕೂಸು ಬೆಚ್ಚಿ ಅಳುತ್ತಿದೆ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದಾರೆ.

ಕಾಕಾ ಎದ್ದು ಹತ್ತಿರ ಬಂದು ನೋಡಿದರು. "ಅಂವ ನಾ ಅಲ್ಲ."

"ಅಂಗಿ ಯಾರದದ್ರಿ?" ಅಕ್ಕೋರು ಕೇಳಿದರು.

ಕಾಕಾ ನನ್ನ ಕಡೆ ತಿರುಗಿ, ಮೆಲ್ಲಗೆ, "ಇನ್ನೊಮ್ಮಿ ಹಚ್ಚವಾ," ಅಂದರು.